ದಂಡೆಗೆ ಕಸ ತಂದವರು

“ಇಷ್ಟು ಹಸನು ಮಾಡ್ರಿ ಅಂತ ಯಾವ ಹಲ್ಕಟ್ ಹೇಳಿದ್ನ ನಿಮಗ? ಕೆರದು ಕೆರದು ನೆಲದ ತೊಗಲ ಕಿತ್ತೀರಲ್ಲ.”

ಕಾಶಿನಾಥ ಬೈಯುತ್ತಿದ್ದದ್ದು ಕಸ ಉಳಿದದ್ದಕ್ಕಲ್ಲ, ಉಳಿಯದೆ ಇದ್ದದ್ದಕ್ಕೆ. ಸುಂದ್ರವ್ವನ ತಲೆಗೆ ಅದು ಹೋಗಲು ಹೊತ್ತು ಹಿಡಿಯಿತು. ಅವಳು ಸೀರೆಯ ಕಚ್ಚೆ ಬಿಗಿದು, ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು, ಕೊನೆಯ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದಳು. ಈ ಸಾಹೇಬರು ಬಂದು ನೋಡಿ ಶಾಬಾಸ್ ಅಂದಾರು ಎಂದು ಒಳಗೊಳಗೆ ಒಂದಿಷ್ಟು ಆಸೆಯೂ ಇತ್ತು. ಮೂರು ದಿನದಿಂದ ಏಳು ಮಂದಿ ಹೆಂಗಸರು ಬಗ್ಗಿದ ಬೆನ್ನು ಎತ್ತಿರಲಿಲ್ಲ. ಮುಂಬೈಯ ಮೀಠಿ ನದಿ ಕುರ್ಲಾದ ಹಿಂದೆ ಮೈ ತಿರುಗಿಸುವ ಕಡೆ, ಸೇತುವೆಯಿಂದ ಹಿಡಿದು ಅವರ ಝೋಪಡಿಗಳ ಸಾಲಿನ ತನಕ, ದಂಡೆ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಬೋಳಾಗಿತ್ತು. ಹರಿದ ಹಾಸಿಗೆ, ಒಡೆದ ಕಮೋಡು, ಯಾರದೋ ಮದುವೆಯ ಥರ್ಮೋಕೋಲಿನ ಆನೆ, ಕೈಕಾಲಿಲ್ಲದ ಗಣಪತಿಗಳು, ಬೀಗ ಹಾಕಿದ ಒಂದು ಸೂಟ್‌ಕೇಸು, ಎಲ್ಲವೂ ಮೇಲೆ ಬಂದಿದ್ದವು. ಸೂಟ್‌ಕೇಸಿನ ಬೀಗ ಒಡೆದು ನೋಡಿದರೆ ಒಳಗೆ ನದಿಯ ಕೆಸರೇ ಇತ್ತು. ಮಾರುವಂಥದ್ದು ಅಂದು ಮಧ್ಯಾಹ್ನವೇ ಗುಜರಿ ಕೊಳ್ಳುವ ಭಂಗಾರದವನ ಗಾಡಿಯಲ್ಲಿ ಧಾರಾವಿಗೆ ಹೋಗಿತ್ತು. ಮಾರಲಾಗದ್ದನ್ನು ಕಸದ ಲಾರಿ ಒಯ್ದಿತ್ತು. ಇಪ್ಪತ್ತು ವರ್ಷ ಕಸ ಆರಿಸಿದ ಆ ಹೆಂಗಸರ ಕೈಗೆ ಅರ್ಧ ಹಸನು ಮಾಡುವುದು ಗೊತ್ತೇ ಇರಲಿಲ್ಲ. ಅವರ ತಪ್ಪೆಂದರೆ ಅಷ್ಟೇ.

“ನಾಳಿ ಮುಂಜಾನಿ ಐದನೂರ ಮಂದಿ ಭಕ್ತರು ಬರ್ತಾರ,” ಅಂದ ಕಾಶಿನಾಥ. “ಕೈಗವಸ ಹಾಕ್ಕೊಂಡು ಬಂದು ಏನ ಎತ್ತಬೇಕು ಅವರು? ನಿಮ್ಮ ತಲಿ?”

“ಎತ್ತಲಿ ಬಿಡ್ರಿ ಸಾಹೇಬ್ರ,” ಅಂದಳು ಪಕ್ಕದ ಮನೆಯ ನೂರಜಹಾನ, ಚೀಲದ ಮೇಲೆ ಕೂತಲ್ಲಿಂದಲೇ. “ಈ ತಲೀನೂ ಭಂಗಾರಕ್ಕ ಹೋಗೂದ ಅದ. ತೂಕ ಮಾತ್ರ ಕಮ್ಮಿ ಬರ್ತದ.”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸುಂದ್ರವ್ವ ನಗಲಿಲ್ಲ. ಅವಳಿಗೆ ಮನೆಯ ಚಿಂತೆ ಹತ್ತಿತ್ತು.

ಮನೆಯೆಂದರೆ ಇಪ್ಪತ್ತೆರಡು ಝೋಪಡಿಗಳ ಸಾಲಿನಲ್ಲಿ ನದಿಗೆ ಎಲ್ಲಕ್ಕಿಂತ ಹತ್ತಿರದ್ದು. ತಗಡಿನ ಮೂರು ಗೋಡೆ, ಸೇತುವೆಯ ಕಲ್ಲಿನದೊಂದು ಗೋಡೆ. ಸೇಡಂ ಕಡೆಯಿಂದ ಗಾರೆ ಕೆಲಸಕ್ಕೆಂದು ಗಂಡನ ಹಿಂದೆ ಬಂದು ಅಲ್ಲಿ ಒಲೆ ಹೂಡಿ ಮೂವತ್ತೊಂದು ವರ್ಷವಾಗಿತ್ತು. ಎರಡು ಸಾವಿರದ ಐದರಲ್ಲಿ ಮುಂಬೈ ಮುಳುಗಿದ ಆ ಮಳೆಯಲ್ಲಿ ರೇಶನ್ ಕಾರ್ಡು, ಲೈಟಿನ ಬಿಲ್ಲು, ಗಂಡ ಸಾಯಬಣ್ಣ, ಮೂರನ್ನೂ ನದಿ ಒಂದೇ ಮಧ್ಯಾಹ್ನ ಒಯ್ದಿತು. ಗಂಡನ ಹೆಣ ಮೂರನೆಯ ದಿನ ಸಿಕ್ಕಿತು, ಕಾಗದ ಸಿಗಲಿಲ್ಲ. ಮುಂದೆ ಮುನಸಿಪಾಲ್ಟಿ ಆಫೀಸಿನವರು ಬಂದಾಗಲೆಲ್ಲ ಕೇಳಿದ್ದು ಕಾಗದವನ್ನೇ. ಕಾಗದವಿಲ್ಲದವರು ಇಲ್ಲಿದ್ದರೂ ಇಲ್ಲದವರೇ ಎಂದು ಹೇಳಿ, ಎಲ್ಲ ಇಪ್ಪತ್ತೆರಡು ಬಾಗಿಲಿಗೂ ಕೆಂಪು ಬಣ್ಣದಲ್ಲಿ ಕೆಡವುವ ನಂಬರು ಬರೆದು ಹೋಗಿದ್ದರು.

ಆಚೆ ದಂಡೆಯ ಮೇಲೆ ಪುಣ್ಯಜಲ ಪರಿವಾರದ ಏಳು ಅಂತಸ್ತಿನ ಸತ್ಸಂಗ ಭವನ ಎದ್ದದ್ದು ಎರಡು ವರ್ಷದ ಹಿಂದೆ. ನದಿ ನಮ್ಮ ತಾಯಿ ಅನ್ನುವುದು ಅವರ ಮಾತು. ಮೊದಮೊದಲು ಸೇತುವೆಯ ಮೇಲೆ ನಿಂತು ಆರತಿ ಎತ್ತುತ್ತಿದ್ದರು. ಆಮೇಲೆ ತಾಯಿಯನ್ನು ಉಳಿಸಬೇಕೆಂದು ಫೋರ್ಟಿನ ಹೈಕೋರ್ಟಿಗೆ ಅರ್ಜಿ ಹಾಕಿದರು. ಈ ದಂಡೆಯ ಝೋಪಡಿಯವರು ತಾಯಿಯ ಒಡಲಿಗೆ ಹೊಲಸು ಸುರಿಯುತ್ತಾರೆ, ಅವರನ್ನು ಎಬ್ಬಿಸಿ ಇಲ್ಲಿ ಕಲ್ಲಿನ ಮೆಟ್ಟಿಲಿನ ಘಾಟು ಕಟ್ಟಬೇಕು ಎಂದು ಅದರಲ್ಲಿತ್ತಂತೆ. ಭವನದ ಅಡುಗೆಮನೆಯ ಹಿಂದಿನ ಮೂರು ದಪ್ಪ ಪೈಪುಗಳು ದಿನಾ ಬೆಳಿಗ್ಗೆ ತಾಯಿಯ ಒಡಲಿಗೆ ಏನು ಸುರಿಯುತ್ತವೆ ಎಂಬುದು ಅದರಲ್ಲಿ ಇರಲಿಲ್ಲ.

ಹಾಗಿರುವಾಗ ಕಾಶಿನಾಥ ಬಂದ. ಬೀದರ ಕಡೆಯವನು, ಪರಿವಾರದಲ್ಲಿ ಸೇವಾ ಪ್ರಮುಖ. ನಿಮ್ಮ ಕಡೆ ಮಂದಿ, ನೀವೇ ನೋಡಿಕೊಳ್ಳಿ ಎಂದು ಮೇಲಿನವರು ಇವನ ಕೊರಳಿಗೆ ಈ ದಂಡೆಯನ್ನು ಕಟ್ಟಿದ್ದರು. ಬಂದವನು ಮೊದಲು ಕೇಳಿದ್ದು ನೀವು ಯಾವ ಪೈಕಿ ಎಂದು. ಮಾದರ ಪೈಕಿರಿ ಎಂದು ಸುಂದ್ರವ್ವ ಹೇಳಿದಳು. ಅವನು ನಿಂತಲ್ಲಿಂದ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ನಗುತ್ತಾ ಮಾತು ಮುಂದುವರಿಸಿದ. ಪರಿವಾರದ ಗುರು ಮಹಾರಾಜರು ಬರುವ ಭಾನುವಾರ ಭಕ್ತರೊಡನೆ ದಂಡೆ ಹಸನು ಮಾಡಲು ಬರುತ್ತಾರೆ, ಅದಕ್ಕೆ ಮುಂಚೆ ನಾತ ಬರುವ ದೊಡ್ಡ ಹೊಲಸನ್ನೆಲ್ಲ ನೀವು ತೆಗೆಯಬೇಕು, ಇದು ಸೇವೆ, ಸೇವೆಗೆ ಕೂಲಿ ಇರುವುದಿಲ್ಲ. ಆದರೆ ವೇದಿಕೆಯ ಮೇಲೆ ಮಹಾರಾಜರು ಮುನಸಿಪಾಲ್ಟಿ ವಾರ್ಡಿನ ಸಾಹೇಬರಿಗೆ ಒಂದು ಮಾತು ಹೇಳುತ್ತಾರೆ. ಇವರು ನದಿಯ ಸೇವಕಿಯರು, ಇವರ ಮನೆ ಮುಟ್ಟಬೇಡಿ ಎಂದು. ಅವರ ಮಾತು ಮೀರಿ ಮುಂಬೈಯಲ್ಲಿ ಒಂದು ಇಟ್ಟಿಗೆ ಅಲ್ಲಾಡುವುದಿಲ್ಲ.

ಆ ಒಂದು ಮಾತಿಗಾಗಿ ಏಳು ಹೆಂಗಸರು ನದಿಗೆ ಇಳಿದಿದ್ದರು. ಈಗ ನೋಡಿದರೆ ಆ ಮಾತು ಹೆಚ್ಚು ದುಡಿದದ್ದಕ್ಕೇ ಕೈತಪ್ಪಿ ಹೋಗುವ ಹಾಗಿತ್ತು.

ಕಾಶಿನಾಥ ಅತ್ತ ಹೋಗಿ ಫೋನಿನಲ್ಲಿ ಯಾರೊಡನೆಯೋ ಬಹಳ ಹೊತ್ತು ಮಾತಾಡಿದ. ತಿರುಗಿ ಬಂದಾಗ ಮುಖ ಹಗುರಾಗಿತ್ತು. ಭವನದಲ್ಲಿ ಏಳು ದಿನದ ಪುರಾಣ ಕಥೆ ನಡೆದಿತ್ತು, ದಿನಕ್ಕೆ ಮೂರು ಸಾವಿರ ಮಂದಿಯ ಊಟ. ಅಲ್ಲಿಯ ಕಸ ಇನ್ನೂ ಹಿತ್ತಿಲಲ್ಲೇ ಬಿದ್ದಿದೆ, ಟೆಂಪೊ ತುಂಬಿಸಿ ಕಳಿಸುತ್ತಾರೆ, ನೀವು ಅದನ್ನು ದಂಡೆಯ ಮೇಲೆ ಹರಡಬೇಕು ಅಂದ.

ಸುಂದ್ರವ್ವ ತಾನು ಕೇಳಿದ್ದು ಸರಿಯೋ ತಪ್ಪೋ ಎಂದು ನೂರಜಹಾನಳ ಮುಖ ನೋಡಿದಳು. ನೂರಜಹಾನ ಬಾಯೊಳಗಿನ ತಂಬಾಕು ಪಕ್ಕಕ್ಕೆ ಉಗುಳಿ, ತಗದವರೂ ನಾವೇ, ತರವರೂ ನಾವೇ, ಈ ಭಾಡ್ಯಾಗ ತಲಿ ಕೆಟ್ಟದ ಎಂದು ಮೆಲ್ಲಗೆ ಬೈದಳು.

ಟೆಂಪೊ ಬಂತು. ಚೀಲ ಬಿಚ್ಚಿದರೆ ಥರ್ಮೋಕೋಲಿನ ತಾಟು, ಕಾಗದದ ಲೋಟ, ಚೆಂಡುಹೂವಿನ ಮಾಲೆ, ಹುಳಿ ಹಿಡಿದ ಅನ್ನ, ನೆಕ್ಕಿದ ಶಿರಾದ ದೊನ್ನೆ. ಹೆಂಗಸರು ಚೀಲ ಬೋರಲು ಹಾಕಲು ಹೋದಾಗ ಕಾಶಿನಾಥ ತಡೆದ. ಹಾಗೆಯೇ ಸುರಿಯುವಂತಿಲ್ಲ. ಭಕ್ತರು ದೊಡ್ಡ ಮನೆತನದವರು, ಹೆಣ್ಣುಮಕ್ಕಳು ವಯಸ್ಸಾದವರು ಇರುತ್ತಾರೆ, ಅವರ ಕೈಗೆ ಹೊಲಸು ತಾಗಬಾರದು. ಅನ್ನ ಬೇರೆ ತೆಗೆಯಬೇಕು, ಗಾಜಿನ ಚೂರು ತೆಗೆಯಬೇಕು, ತಾಟಿಗೆ ಹತ್ತಿದ ಪಲ್ಯ ಒರೆಸಬೇಕು. ಒಣದು, ಹಗುರಾದದ್ದು, ಫೋಟೋದಲ್ಲಿ ದೂರಕ್ಕೆ ಕಾಣುವಂಥದ್ದು ಮಾತ್ರ ದಂಡೆಗೆ. ಅವನ ಜೊತೆ ಬಂದಿದ್ದ ಇಬ್ಬರು ಹುಡುಗಿಯರು ಸುಣ್ಣದ ಪುಡಿಯಿಂದ ನೆಲದ ಮೇಲೆ ದುಂಡಗೆ ಗುರುತು ಹಾಕುತ್ತಾ ಹೋದರು. ಒಂದೊಂದು ದುಂಡಿಗೆ ಒಂದೊಂದು ಬುಟ್ಟಿ ಕಸ. ದುಂಡುಗಳೆಲ್ಲ ಗಟ್ಟಿ ನೆಲದ ಮೇಲೇ ಇದ್ದವು, ಕೆಸರಿನ ಕಡೆ ಒಂದೂ ಇರಲಿಲ್ಲ.

ಹೆಂಗಸರು ಕೂತು ಕಸ ತೊಳೆದರು. ಜನ್ಮದಲ್ಲಿ ಎಲ್ಲ ಥರದ ಕಸ ಕೈಯಲ್ಲಿ ಹಿಡಿದವರು, ಒಗೆಯಲಿಕ್ಕೆಂದು ತೊಳೆದದ್ದು ಅದೇ ಮೊದಲು.

“ನೋಡಕ್ಕಾ, ಕಸದಾಗೂ ಕುಲ ಅದ,” ಅಂದಳು ನೂರಜಹಾನ, ಒಂದು ತಾಟನ್ನು ತನ್ನ ಲಂಗದ ಅಂಚಿಗೆ ಒರೆಸುತ್ತಾ. “ಇದು ಮ್ಯಾಲಿನ ಮಂದಿ ಕಸ. ಇದನ್ನ ಮುಟ್ಟಿದ್ರ ಪುಣ್ಯ ಬರ್ತದ. ನಾವು ತಗದದ್ದು ಕೆಳಗಿನ ಕಸ, ಅದಕ್ಕ ಲಾರಿ ಹತ್ತಿ ಹೋತು.”

ದುಂಡುಗಳೆಲ್ಲ ತುಂಬಿದ ಮೇಲೆ ಕಾಶಿನಾಥ ಸೇತುವೆಯ ಕಡೆ ಕೈ ಬೀಸಿದ. ಅಲ್ಲಿ ನಿಂತಿದ್ದವನೊಬ್ಬ ಡ್ರೋನು ಹಾರಿಸಿದ. ಅದು ದುಂಬಿಯ ಹಾಗೆ ಗುಂಯ್‌ಗುಡುತ್ತಾ ಬಂದು ಅವರ ನೆತ್ತಿಯ ಮೇಲೆ ನಿಂತಿತು. ಕಾಶಿನಾಥ, ಉಳಿದದ್ದನ್ನು ನೀರಿಗೆ ಒಗೆಯಿರಿ ಅಂದ.

ಸುಂದ್ರವ್ವನ ಕೈ ನಿಂತಿತು.

“ನೀರಿಗಿ ಬ್ಯಾಡ್ರಿ ಸಾಹೇಬ್ರ. ಮೂರ ದಿನ ಅದರಾಗಿಂದನೇ ತಗದೀವಿ.”

“ನಾಳಿ ಮತ್ತ ತಗೀತಾರವಾ. ಜಾಳಗಿ ತರ್ತಾರ. ನೀರಾಗ ಏನರೆ ತೇಲಬೇಕು.”

“ತೇಲಂಗಿಲ್ರಿ. ಸಮುದ್ರದ ಭರತಿ ಬಂದ್ರ ಒಳಗ ಎಳಕೊಂಡು ಹೋಗ್ತದ. ನಮಗ ಗೊತ್ತದ.”

ಕಾಶಿನಾಥ ದನಿ ಇಳಿಸಿದ. “ನಾಳಿ ಮಹಾರಾಜ ಅಪ್ಪಾರ ಮುಂದ ನಿಮ್ಮ ಮನಿ ಮಾತು ತಗೀಬೇಕೋ, ಬ್ಯಾಡೋ?”

ಸುಂದ್ರವ್ವ ಬುಟ್ಟಿ ಎತ್ತಿ ನೀರಿಗೆ ಚೆಲ್ಲಿದಳು. ಸೇತುವೆಯ ಮೇಲಿನವನು ಇನ್ನೊಮ್ಮೆ, ಇನ್ನೊಮ್ಮೆ ಎಂದು ಹಿಂದಿಯಲ್ಲಿ ಕೂಗಿದ. ಕೈ ಇನ್ನಷ್ಟು ಮೇಲೆತ್ತಬೇಕಂತೆ. ನಾಲ್ಕನೆಯ ಸಲಕ್ಕೆ ಸರಿ ಹೋಯಿತು. ನೂರಜಹಾನ ತಲೆಯೆತ್ತಿ ಆ ದುಂಬಿಗೆ ಟಾಟಾ ಮಾಡಿದಳು.

ಭಾನುವಾರ ಏಳು ಗಂಟೆಗೆಲ್ಲ ಬಸ್ಸುಗಳು ಬಂದವು. ಬಿಳಿ ಬಟ್ಟೆ, ನೀಲಿ ಟೋಪಿ, ಹಳದಿ ಕೈಗವಸು. ದಂಡೆಯ ಮೇಲೆ ವೇದಿಕೆ ಎದ್ದಿತ್ತು, ಅದರ ಹಿಂದೆ ಗೋಡೆಯಷ್ಟು ದೊಡ್ಡ ಟೀವಿ ಪರದೆ. ನಡುವೆ ಮಹಾರಾಜರ ಬೆಳ್ಳಿಯ ಪೀಠ. ನದಿ ಎಲ್ಲ ಧರ್ಮದವರ ತಾಯಿ ಎಂದು ತೋರಿಸಲಿಕ್ಕೆ ಎಡಕ್ಕೆ ಒಬ್ಬ ಮೌಲ್ವಿಸಾಬರನ್ನೂ ಬಲಕ್ಕೆ ಒಬ್ಬ ಪಾದ್ರಿಯನ್ನೂ ಕರೆತಂದು ಕೂರಿಸಿದ್ದರು. ಮೌಲ್ವಿಸಾಬರನ್ನು ನೋಡಿ ನೂರಜಹಾನ ತಲೆಯ ಸೆರಗು ಮುಂದೆ ಎಳೆದುಕೊಂಡಳು. ಹೋದ ವರ್ಷ ಝೋಪಡಿಗಳಿಗೆ ನಂಬರು ಬಿದ್ದಾಗ ಅವಳು ಅವರ ಮಸೀದಿಯ ಬಾಗಿಲಿಗೆ ಹೋಗಿ ಮೂರು ದಿನ ನಿಂತಿದ್ದಳು, ದುಆ ಮಾಡುತ್ತೇನೆ ಹೋಗು ಎಂದು ಹೇಳಿ ಕಳಿಸಿದ್ದರು.

ಏಳು ಮಂದಿ ಹೆಂಗಸರ ಕೊರಳಿಗೆ ನದಿ ಸೇವಕಿ ಎಂದು ಬರೆದ ನೀಲಿ ವಸ್ತ್ರ ಹಾಕಿಸಿ ಹಗ್ಗದ ಆಚೆ ನಿಲ್ಲಿಸಿದ್ದರು. ಹಗ್ಗದ ಈಚೆ ಜಮಖಾನ, ಆಚೆ ಬರಿ ಮಣ್ಣು. ಒಬ್ಬ ಹೆಣ್ಣುಮಗಳು ಚಹಾದ ಲೋಟಗಳನ್ನು ತಂದು ಇವರ ಮುಂದೆ ನೆಲದ ಮೇಲೆ ಸಾಲಾಗಿ ಇಟ್ಟು, ಸರಿದು ನಿಂತು, ತೆಗೆದುಕೊಳ್ಳಿ ಎಂದು ಕೈಮಾಡಿ ತೋರಿಸಿದಳು. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಕರುಣೆಯೇ ಇತ್ತು. ಸುಂದ್ರವ್ವ ಚಹಾ ಎತ್ತಿಕೊಳ್ಳಲಿಲ್ಲ. ಲೋಟದ ಅಂಚಿಗೆ ಇರುವೆ ಮುತ್ತಿದವು.

ಶಂಖ ಮೊಳಗಿತು. ಐದುನೂರು ಮಂದಿ ದುಂಡುಗಳ ಮೇಲೆ ಬಿದ್ದರು. ಒಂದು ತಾಟಿಗೆ ನಾಲ್ಕು ಕೈ, ಒಂದು ಲೋಟಕ್ಕೆ ಎರಡು ಫೋನು. ಒಬ್ಬ ಮುದುಕ ಮಾತ್ರ ಬಿಳಿ ಪೈಜಾಮ ಮೇಲೆತ್ತಿ ಸೀದಾ ಕೆಸರಿಗೆ ಇಳಿದು, ಮುಂಜಾವಿನ ಭರತಿ ತಂದು ಬಿಟ್ಟ ಒಂದು ಟೈರನ್ನು ಜಗ್ಗತೊಡಗಿದ. ಉಸಿರು ಕಟ್ಟುವ ತನಕ ಜಗ್ಗಿದ. ಅವನ ಸೊಸೆಯಿರಬೇಕು, ಓಡಿ ಬಂದು ಅವನನ್ನು ಮೇಲೆ ಎಳೆದು, ಇದು ಕಾರ್ಯಕ್ರಮದಲ್ಲಿ ಇಲ್ಲ ಎಂದು ಬೈದು ಕೈಕಾಲಿಗೆಲ್ಲ ಔಷಧಿ ನೀರು ಹಾಕಿದಳು. ಇಪ್ಪತ್ತೈದು ನಿಮಿಷಕ್ಕೆ ದಂಡೆ ಹಸನಾಯಿತು. ಚೀಲಗಳನ್ನು ಹೊತ್ತು ತಂದು ವೇದಿಕೆಯ ಮೇಲೆ ಒಂದು ಬದಿಗೆ ಒಟ್ಟಿ, ಮೇಲೆ ಹೂವಿನ ಮಾಲೆ ಹಾಕಿದರು.

ಸುಂದ್ರವ್ವ ವೇದಿಕೆಯ ಮೇಲಿದ್ದ ವಾರ್ಡಿನ ಸಾಹೇಬರ ಮುಖವನ್ನೇ ನೋಡುತ್ತಿದ್ದಳು. ಮಹಾರಾಜರ ಆ ಒಂದು ಮಾತು ಯಾವಾಗ ಬರುತ್ತದೆ ಎಂದು ಅವಳ ಜೀವವೆಲ್ಲ ಕಿವಿಗೆ ಬಂದಿತ್ತು.

ಪರದೆಯ ಮೇಲೆ ಬೆಳಕು ಬಂತು. ಮೊದಲು ಆಕಾಶದಿಂದ ಕಾಣುವ ನದಿ, ಕೊಳಲಿನ ದನಿ. ಕೊಳಲು ನಿಂತು ಡೋಲು ಶುರುವಾಯಿತು. ಝೋಪಡಿಗಳ ತಗಡು ಕಂಡಿತು. ಆಮೇಲೆ ಏಳು ಹೆಂಗಸರು ಕಂಡರು. ಬುಟ್ಟಿ ಎತ್ತುತ್ತಾರೆ, ನೀರಿಗೆ ಚೆಲ್ಲುತ್ತಾರೆ. ಮತ್ತೆ ಎತ್ತುತ್ತಾರೆ, ಮತ್ತೆ ಚೆಲ್ಲುತ್ತಾರೆ. ಗಂಡಸಿನ ಗಂಭೀರ ದನಿಯೊಂದು ಹಿಂದಿಯಲ್ಲಿ ಹೇಳುತ್ತಿತ್ತು, ಇವರೇ ನಮ್ಮ ತಾಯಿಗೆ ದಿನದಿನವೂ ವಿಷ ಉಣಿಸುವವರು, ತಿಳುವಳಿಕೆ ಇಲ್ಲದವರು, ಇವರನ್ನು ದ್ವೇಷಿಸಬೇಡಿ ಎಂದು. ನೂರಜಹಾನ ಪರದೆಯಿಂದ ಕೈ ಬೀಸಿದಳು. ಜಮಖಾನದ ಮೇಲಿಂದ ಛೀ ಛೀ ಎಂಬ ಸದ್ದು ಎದ್ದು, ಐದುನೂರು ತಲೆಗಳು ಹಗ್ಗದ ಕಡೆ ತಿರುಗಿದವು. ಚಿತ್ರ ಕೊನೆಗೆ ಸುಂದ್ರವ್ವನ ಮೇಲೆ ಬಂದು ನಿಂತುಬಿಟ್ಟಿತು. ಮೇಲೆತ್ತಿದ ಕೈ, ತೆರೆದ ಬಾಯಿ, ಬುಟ್ಟಿಯಿಂದ ಹಾರಿದ ತಾಟುಗಳು ಗಾಳಿಯಲ್ಲೇ. ತಾನು ಅಷ್ಟು ದೊಡ್ಡಾಕಿ ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

“ನಮ್ಮವ್ವನ,” ಅಂದಳು ನೂರಜಹಾನ, ಮೆಲ್ಲಗೆ. “ಟಾಟಾ ಬ್ಯಾರೆ ಮಾಡಿದ್ನಲ್ಲ ನಾನು.”

ವಾರ್ಡಿನ ಸಾಹೇಬರು ಮಾತಿಗೆ ಎದ್ದರು. ಈ ಚಿತ್ರವನ್ನು ಕೋರ್ಟಿನ ಅರ್ಜಿಗೆ ಸೇರಿಸಲಾಗುತ್ತಿದೆ ಅಂದರು. ಇನ್ನು ಸಾಕ್ಷಿ ಬೇಡ ಅಂದರು. ಬುಧವಾರದ ಒಳಗೆ ದಂಡೆಯ ಅತಿಕ್ರಮಣ ತೆರವು ಮಾಡಿಸಿ, ದೀಪಾವಳಿಗೆ ಘಾಟಿನ ಮೊದಲ ಮೆಟ್ಟಿಲು ಕಟ್ಟಿಸುತ್ತೇನೆ ಎಂದು ಮಹಾರಾಜರ ಕಡೆ ತಿರುಗಿ ಕೈಮುಗಿದರು. ಚಪ್ಪಾಳೆ ಬಿತ್ತು. ಮೌಲ್ವಿಸಾಬರೂ ಪಾದ್ರಿಯೂ ಹೊಡೆದರು, ಎಲ್ಲರೂ ಹೊಡೆಯುವಾಗ ಹೊಡೆಯುವ ಹಾಗೆ.

ಮಹಾರಾಜರು ಮೈಕು ತೆಗೆದುಕೊಂಡು ಸಣ್ಣ ದನಿಯಲ್ಲಿ, ಮಕ್ಕಳು ತಪ್ಪು ಮಾಡಿದರೆ ತಾಯಿ ಕ್ಷಮಿಸುತ್ತಾಳೆ ಅಂದರು. ಆ ತಾಯಂದಿರಲ್ಲಿ ಒಬ್ಬಳು ಮೇಲೆ ಬಂದು ಎಲ್ಲರ ಪರವಾಗಿ ಕ್ಷಮೆ ಕೇಳಲಿ, ಇನ್ನು ಹೊಲಸು ಹಾಕುವುದಿಲ್ಲ ಎಂದು ಆಣೆ ಮಾಡಲಿ, ಪಾಪ ಕಳೆಯಲಿ ಅಂದರು.

ಕಾಶಿನಾಥ ವೇದಿಕೆ ಇಳಿದು ಹಗ್ಗದ ಹತ್ತಿರ ಬಂದ. ಅವನ ಕಣ್ಣು ಸುಂದ್ರವ್ವನ ಹಣೆಯ ಮೇಲಿತ್ತು, ಕಣ್ಣಿಗೆ ಇಳಿಯಲಿಲ್ಲ.

“ಬಾ ಸುಂದ್ರವ್ವ. ನಿನ್ನ ಫೋಟೋನೇ ನಿಂತದ, ನೀನೇ ಬರಬೇಕು.”

“ಮನಿ ಉಳೀತಾವ ಅಂದಿದ್ರಿ ಸಾಹೇಬ್ರ.”

“ಅದು ಮ್ಯಾಲಿನವರ ಕೈಯಾಗ ಹೋಯ್ತು, ನನ್ನ ಕೈಯಾಗ ಏನದ? ನೀ ಬಂದು ತಪ್ಪಾಯ್ತು ಅನ್ನು. ನಿನ್ನದೊಂದು ಮನಿ ನಾ ಬಿಡಿಸ್ತೀನಿ. ನಿನ್ನದೊಂದೇ ಮತ್ತ, ಯಾರ ಮುಂದೂ ಹೇಳಬ್ಯಾಡ. ಕನ್ನಡದಾಗೇ ಮಾತಾಡು, ನಾ ಹಿಂದಿಯಾಗ ಹೇಳ್ತೀನಿ.”

ಯಾರ ಮುಂದೂ ಹೇಳಬೇಡ ಎಂದದ್ದು ಪಕ್ಕದಲ್ಲೇ ನಿಂತಿದ್ದ ಆರೂ ಮಂದಿಗೆ ಕೇಳಿಸಿತ್ತು. ಸುಂದ್ರವ್ವ ನೂರಜಹಾನಳನ್ನು ನೋಡಿದಳು. ಇಬ್ಬರ ಮನೆಗೂ ನಡುವೆ ಇದ್ದದ್ದು ಒಂದೇ ತಗಡು. ಇಪ್ಪತ್ತು ವರ್ಷ ಒಬ್ಬಳ ಒಲೆಯ ಹೊಗೆ ಇನ್ನೊಬ್ಬಳ ಕಣ್ಣಿಗೆ ಹೋಗಿತ್ತು.

“ಹೋಗಕ್ಕಾ,” ಅಂದಳು ನೂರಜಹಾನ. “ಒಂದರೆ ಉಳೀಲಿ. ಮಳಿ ಬಂದ್ರ ಎಲ್ಲಾರೂ ಅದರಾಗೇ ಕುಂದರ್ತೀವಿ.”

ಸುಂದ್ರವ್ವ ಹಗ್ಗ ದಾಟಿದಳು. ಕ್ಷಮೆ ಕೇಳಬೇಕೆಂದೇ ದಾಟಿದಳು. ವೇದಿಕೆಗೆ ಬಂದವರ ತಲೆಯ ಮೇಲೆಲ್ಲ ಒಬ್ಬ ಹುಡುಗಿ ತಂಬಿಗೆಯಿಂದ ಪುಣ್ಯಜಲ ಚಿಮುಕಿಸುತ್ತಿದ್ದಳು. ಸುಂದ್ರವ್ವನ ತಲೆಗೆ ಚಿಮುಕಿಸಲಿಲ್ಲ. ಅವಳು ಹತ್ತಿ ಹೋದ ಮೇಲೆ ಅವಳು ಮೆಟ್ಟಿದ ಮೆಟ್ಟಿಲುಗಳಿಗೆ ಚಿಮುಕಿಸಿದಳು.

ಮೇಲೆ ನಿಂತಾಗ ಪರದೆಯ ಮೇಲಿನ ಕೈ ಅವಳ ಬೆನ್ನ ಹಿಂದೆಯೇ ಇತ್ತು. ಒಂದೊಂದು ಬೆರಳು ಮನುಷ್ಯನಷ್ಟು ಉದ್ದ. ಆ ಬೆರಳುಗಳ ಸಂದಿನಲ್ಲಿ ಮೂರು ದಿನದ ಕೆಸರು ಒಣಗಿ ಹತ್ತಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಐದುನೂರು ಮಂದಿ ಅದನ್ನು ನೋಡಿಯೂ ನೋಡಿರಲಿಲ್ಲ. ಅವಳು ತಿರುಗಿ ಅದನ್ನು ಬಹಳ ಹೊತ್ತು ನೋಡಿದಳು. ಮೈಕು ಬಾಯಿಗೆ ಬಂದಾಗ ಹೇಳಬೇಕೆಂದುಕೊಂಡಿದ್ದು ನಾಲಗೆಗೆ ಬರಲಿಲ್ಲ.

“ನಾನು ಸುಂದ್ರವ್ವ. ಇದೇ ದಂಡಿ ಮ್ಯಾಲ ಮೂವತ್ತೊಂದು ವರ್ಷ ಆತು. ಆ ಕೈ ನಂದೇ ಅದ. ಒಗದೀನಿ, ಸುಳ್ಳ ಹೇಳಂಗಿಲ್ಲ. ಮೂರ ದಿನ ನಾವು ಏಳು ಮಂದಿ ಈ ನದಿ ಹಸನು ಮಾಡೀವಿ. ಜಾಸ್ತಿ ಹಸನಾಯ್ತು ಅಂತ ಈ ಕಾಶಿನಾಥ ಸಾಹೇಬ್ರು ನಮ್ಮನ್ನ ಬೈದು, ನೀವು ಉಂಡು ಬಿಟ್ಟ ತಾಟು ಟೆಂಪೊದಾಗ ತರಿಸಿ, ನೀರಿಗಿ ಒಗೀರಿ ಅಂದ್ರು. ಒಗದ್ರ ಮನಿ ಉಳೀತಾವ ಅಂದ್ರು. ಅದಕ್ಕ ಒಗದ್ವಿ. ತಪ್ಪು ಯಾರದು ನೀವೇ ಹೇಳ್ರಿ.”

ಮಂದಿ ಕಾಶಿನಾಥನ ಕಡೆ ನೋಡಿತು. ಅವನು ಎರಡೂ ಕೈ ಜೋಡಿಸಿ, ಕೊರಳು ಭಾರ ಮಾಡಿಕೊಂಡು, ಹಿಂದಿಯಲ್ಲಿ ಹೇಳತೊಡಗಿದ. ಈ ತಾಯಿ ಅಳುತ್ತಾ ಹೇಳುತ್ತಿದ್ದಾಳೆ, ಮೂವತ್ತೊಂದು ವರ್ಷ ನಾನು ಅಜ್ಞಾನದಲ್ಲಿ ಬದುಕಿದೆ, ಗಂಗೆಗೆ ಸಮನಾದ ಈ ನದಿಗೆ ಹೊಲಸು ಹಾಕಿದೆ, ಮಹಾರಾಜರ ದರ್ಶನದಿಂದ ಇಂದು ಕಣ್ಣು ತೆರೆಯಿತು, ನಮ್ಮನ್ನು ಕ್ಷಮಿಸಿ, ನಾವಾಗಿಯೇ ಈ ಜಾಗ ಬಿಟ್ಟು ಹೋಗುತ್ತೇವೆ ಎಂದು.

ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ಚಹಾ ಕೊಟ್ಟಿದ್ದ ಹೆಣ್ಣುಮಗಳು ಕಣ್ಣೊರೆಸಿಕೊಂಡಳು. ಸುಂದ್ರವ್ವನ ಕಣ್ಣಿನಲ್ಲಿ ಹನಿ ನೀರಿರಲಿಲ್ಲ.

ಮೂವತ್ತೊಂದು ವರ್ಷ ಮುಂಬೈಯಲ್ಲಿ ಬದುಕಿದವಳಿಗೆ ಅಷ್ಟು ಹಿಂದಿ ತಿಳಿಯುವುದಿಲ್ಲವೆಂದು ಕಾಶಿನಾಥ ಹೇಗೆ ತಿಳಿದನೋ. ಅವಳು ಮೈಕಿಗೆ ಬಾಯಿ ಹಚ್ಚಿ, ಇವನು ಹೇಳಿದ್ದು ಸುಳ್ಳು ಎಂದು ಹಿಂದಿಯಲ್ಲೇ, “ಝೂಟ್ ಬೋಲತಾ ಹೈ ಯೇ ಆದ್ಮಿ,” ಅಂದಳು. ಯೇ ಕಚರಾ ತುಮ್ಹಾರಾ ಹೈ, ಈ ಕಸ ನಿಮ್ಮದೇ, ಎಂದು ಮುಂದುವರಿಸುವಷ್ಟರಲ್ಲಿ ಮೈಕು ಸತ್ತಿತ್ತು. ಅವಳ ಬಾಯಿ ಅಲ್ಲಾಡಿತು, ದನಿ ಮೊದಲ ಸಾಲನ್ನು ದಾಟಲಿಲ್ಲ. ಯಾರೋ ಸನ್ನೆ ಮಾಡಿದರು, ಭಜನೆಯವರು ತಾಳ ಎತ್ತಿಕೊಂಡರು. ಎದುರಿಗೆ ಐದುನೂರು ಮಂದಿ ಕಣ್ಣು ಮುಚ್ಚಿ ಚಪ್ಪಾಳೆ ತಟ್ಟುತ್ತಾ ತೂಗತೊಡಗಿದರು. ಕಾಶಿನಾಥ ನಗುಮುಖದಲ್ಲೇ ಅವಳ ರಟ್ಟೆ ಹಿಡಿಯಲು ಕೈ ಚಾಚಿ, ಏನೋ ನೆನಪಾದವನಂತೆ ಮುಟ್ಟದೆ ನಿಂತ. ಇಳಿ ಎಂದು ಕಣ್ಣಿನಲ್ಲೇ ಮೆಟ್ಟಿಲು ತೋರಿಸಿದ.

ಸುಂದ್ರವ್ವ ಇಳಿಯಲಿಲ್ಲ. ಬದಿಗೆ ಒಟ್ಟಿದ್ದ ಚೀಲಗಳ ಕಡೆ ಹೋದಳು. ಮೇಲಿನ ಚೀಲದ ಹೂವಿನ ಮಾಲೆ ತೆಗೆದು ಪಕ್ಕಕ್ಕಿಟ್ಟಳು. ಚೀಲದ ಕಿವಿ ಹಿಡಿದು ಎಳೆದು, ವೇದಿಕೆಯ ನಡುವೆ ತಂದು, ತಳ ಎತ್ತಿ ಬೋರಲು ಹಾಕಿದಳು. ಬಿಳಿ ಹಾಸಿನ ಮೇಲೆ ತಾಟು ಲೋಟ ದೊನ್ನೆಗಳು ಗುಡ್ಡೆಯಾಗಿ ಬಿದ್ದವು. ಕೊರಳಿನ ನೀಲಿ ವಸ್ತ್ರ ಬಿಚ್ಚಿ ನೆಲಕ್ಕೆ ಹಾಸಿದಳು. ದಿನಾ ತನ್ನ ಬಾಗಿಲ ಮುಂದೆ ಕೂರುವ ಹಾಗೆ ಒಂದು ಮೊಣಕಾಲು ಮಡಿಸಿ, ಇನ್ನೊಂದನ್ನು ಎದೆಗೆ ಆನಿಸಿ ಕೂತು, ಆರಿಸಲು ಶುರು ಮಾಡಿದಳು. ತಾಟು ಎಡಕ್ಕೆ, ಲೋಟ ಬಲಕ್ಕೆ, ಪ್ಲಾಸ್ಟಿಕ್ಕಿನ ಪನ್ನಿ ಮೊಣಕಾಲ ಕೆಳಗೆ. ಆತುರವೇನೂ ಇರಲಿಲ್ಲ. ಒಂದು ತಾಟಿಗೆ ಅಂಟಿದ್ದ ಇನ್ನೊಂದು ತಾಟನ್ನು ಉಗುರಿನಿಂದ ಬಿಡಿಸಿ, ಎರಡನ್ನೂ ಒಂದರ ಮೇಲೊಂದು ಇಟ್ಟಳು.

ಹಗ್ಗದ ಕಡೆಯಿಂದ ನೂರಜಹಾನ ಬಂದಳು. ತಂಬಿಗೆಯ ಹುಡುಗಿ ಅಡ್ಡ ಬಂದಳು, ಆದರೆ ಮುಟ್ಟಿ ತಡೆಯಬೇಕೋ ಬೇಡವೋ ತಿಳಿಯದೆ ಹಿಂದೆ ಸರಿದಳು. ಮುಟ್ಟಬಾರದೆಂಬ ನೇಮ ಮೊದಲ ಸಲ ಇವರ ಉಪಯೋಗಕ್ಕೆ ಬಂತು.

“ಏನ್ ಮಾಡ್ಲಿಕತ್ತೀ ಅಕ್ಕಾ?”

“ಕೆಲಸ.”

ನೂರಜಹಾನ ಇನ್ನೊಂದು ಚೀಲ ಎಳೆದು ತಂದು ಬೋರಲು ಹಾಕಿ ಎದುರಿಗೆ ಕೂತಳು. ಅವಳ ಹಿಂದೆ ಉಳಿದ ಐದು ಮಂದಿ ಒಬ್ಬೊಬ್ಬರೇ ಬಂದರು. ಮೂರನೆಯ ಚೀಲ, ನಾಲ್ಕನೆಯ ಚೀಲ. ಏಳು ಹೆಂಗಸರು ಬಿಳಿ ಹಾಸಿನ ಮೇಲೆ ದುಂಡಗೆ ಕೂತು, ತಲೆ ಬಗ್ಗಿಸಿ, ಹದಿನಾಲ್ಕು ಕೈಗಳಿಂದ ಬೇರ್ಪಡಿಸುತ್ತಿದ್ದರು. ಭಜನೆಯ ಗತಿ ಏರಿತು. ಮೊದಲ ಸಾಲಿನವರು ಒಬ್ಬೊಬ್ಬರಾಗಿ ಕಣ್ಣು ತೆರೆದರು, ಚಪ್ಪಾಳೆ ಅಲ್ಲಲ್ಲಿ ತುಂಡಾಯಿತು. ಮೌಲ್ವಿಸಾಬರು ಎದ್ದು ಚಪ್ಪಲಿ ಹುಡುಕತೊಡಗಿದರು. ಪಾದ್ರಿ ತನ್ನ ಮಡಿಲಿನ ಕೈಗಳನ್ನೇ ನೋಡುತ್ತಾ ಕೂತರು. ಗೇಟಿನ ಕಡೆಯಿಂದ ಇಬ್ಬರು ಹೆಣ್ಣು ಪೊಲೀಸರು ಜಮಖಾನದ ಅಂಚು ಹಿಡಿದು ಬರುತ್ತಿದ್ದರು, ನಡುವೆ ಕೂತ ಮಂದಿ ದಾರಿ ಬಿಡುತ್ತಿತ್ತು.

ಕಾಶಿನಾಥ ಬಗ್ಗಿ, ನಗುಮುಖ ಬಿಡದೆಯೇ, ಹಲ್ಲಿನ ಸಂದಿನಿಂದ, “ಮ್ಯಾಲೇಳು ರಂಡೆ. ನಿನ್ನ ಮನೀನೂ ಹೋಯ್ತು ಅಂತ ತಿಳಿ,” ಅಂದ.

“ತಿಳದೀನಿ,” ಅಂದಳು ಸುಂದ್ರವ್ವ. ಕೈ ನಿಲ್ಲಿಸಲಿಲ್ಲ.

ಆರಿಸಿದ್ದು ಬೆಳೆಯುತ್ತಾ ಹೋಯಿತು. ತಾಟಿನ ಸಾಲು ಒಂದು ಕಡೆ ವೇದಿಕೆಯ ಅಂಚಿಗೆ ಮುಟ್ಟಿತು. ಲೋಟಗಳು ಇನ್ನೊಂದು ಕಡೆ. ಚೀಲದ ತಳದಲ್ಲಿ ಉಳಿದಿದ್ದ ಹುಳಿ ಅನ್ನ, ಕೊಳೆತ ಹೂವು, ತೊಳೆದವರ ಕಣ್ಣು ತಪ್ಪಿಸಿ ಬಂದದ್ದು, ಅದಕ್ಕೊಂದು ಜಾಗ ಬೇಕಿತ್ತು. ಸುಂದ್ರವ್ವ ಸುತ್ತ ನೋಡಿದಳು. ಖಾಲಿ ಇದ್ದದ್ದು ಬೆಳ್ಳಿ ಪೀಠದ ಮುಂದಿನ ಮಾರುದ್ದ ಜಾಗ ಒಂದೇ. ಅಲ್ಲಿ ಮಹಾರಾಜರ ಎರಡು ಪಾದಗಳು ಗುಲಾಬಿ ಪಕಳೆಗಳ ಮೇಲೆ ಇದ್ದವು. ಮಹಾರಾಜರು ಇನ್ನೂ ಮುಗುಳ್ನಗುತ್ತಲೇ ಇದ್ದರು, ಹೆಬ್ಬೆರಳು ಮಾತ್ರ ಒಳಗೆ ಮಡಚಿಕೊಂಡಿತ್ತು.

ಅವಳು ಎರಡೂ ಕೈ ತುಂಬ ಅನ್ನ ಎತ್ತಿಕೊಂಡು ಎದ್ದು ಅವರ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತಳು.

“ಕಾಲ ಸ್ವಲ್ಪ ಮ್ಯಾಲ ತಗೋರಿ ಅಪ್ಪಾರ,” ಅಂದಳು. “ಇಲ್ಲಿ ಹಸಿ ಕಸ ಬರ್ತದ.”